ಕಟ್ಟಡ ನಿಯಮಗಳಲ್ಲಿ ಅಂತಸ್ತು

ಅಂತಸ್ತು ಎಂದರೆ ಕಟ್ಟಡವೊಂದರ ಯಾವುದೇ ನೆಲದ ಮೇಲ್ಮೈಗೂ ಅದರ ಮೇಲಿರುವ ಮುಂದಿನ ನೆಲದ ಮೇಲ್ಮೈಗೂ ನಡುವಿನ ಭಾಗ. ಮೇಲೆ ಬೇರೆ ನೆಲವಿಲ್ಲದಿದ್ದರೆ ಆ ನೆಲಕ್ಕೂ ಚಾವಣಿಗೂ ನಡುವಿನ ಜಾಗವನ್ನು ಅಂತಸ್ತು ಎಂದು ಪರಿಗಣಿಸಲಾಗುತ್ತದೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಈ ಅರ್ಥದಲ್ಲಿಯೇ ಪದವನ್ನು ಬಳಸುತ್ತದೆ. ವ್ಯಾಖ್ಯಾನ ಸರಳವಾಗಿ ಕಂಡರೂ, ಕಟ್ಟಡವೊಂದಕ್ಕೆ ಎಷ್ಟು ಅಂತಸ್ತುಗಳಿವೆ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸರಳವಲ್ಲ. ನೆಲಮಾಳಿಗೆ, ವಾಹನ ನಿಲುಗಡೆಯ ಸ್ಟಿಲ್ಟ್, ನಡು ಅಂತಸ್ತು, ಅಟ್ಟ, ತಾರಸಿಯ ಮೇಲಿನ ಕೋಣೆ ಇವುಗಳಲ್ಲಿ ಯಾವುದನ್ನು ಲೆಕ್ಕಕ್ಕೆ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆಯಾ ನಿಯಮಾವಳಿಗಳು ಬೇರೆ ಬೇರೆ ಉದ್ದೇಶಗಳಿಗೆ ಬೇರೆ ಬೇರೆ ರೀತಿಯಲ್ಲಿ ನಿರ್ಧರಿಸುತ್ತವೆ. ಈ ನಿರ್ಧಾರದ ಮೇಲೆ ಕಟ್ಟಡದ ಸುತ್ತ ಬಿಡಬೇಕಾದ ತೆರೆದ ಜಾಗ, ಅಗ್ನಿಶಾಮಕ ವ್ಯವಸ್ಥೆ, ಕಟ್ಟಬಹುದಾದ ಒಟ್ಟು ವಿಸ್ತೀರ್ಣ ಮತ್ತು ಕೆಲವೊಮ್ಮೆ ವಿದ್ಯುತ್ ಸಂಪರ್ಕ ಕೂಡ ಅವಲಂಬಿಸಿರುತ್ತವೆ.

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿ ಮತ್ತು ಪೀಣ್ಯ ಪ್ರದೇಶಗಳಲ್ಲಿ ಈ ವ್ಯಾಖ್ಯಾನಗಳ ಎಲ್ಲ ಮಾದರಿಗಳೂ ಒಂದೆಡೆ ಕಾಣಸಿಗುತ್ತವೆ. ಗಾಜಿನ ಮುಖದ ಕಚೇರಿ ಗೋಪುರಗಳು, ಒಂದೇ ಅಂತಸ್ತಿನ ಎತ್ತರದ ಕಾರ್ಖಾನೆ ಶೆಡ್ಡುಗಳು, ಹಳೆಯ ಗ್ರಾಮಠಾಣಗಳ ಮನೆಗಳು ಮತ್ತು 30×40 ಅಡಿಯ ನಿವೇಶನಗಳಲ್ಲಿ ಐದಾರು ಅಂತಸ್ತು ಎದ್ದ ಪಿ.ಜಿ. ವಸತಿಗೃಹಗಳು ಇಲ್ಲಿ ಅಕ್ಕಪಕ್ಕದಲ್ಲಿಯೇ ಇವೆ.

ಪದಬಳಕೆ

ಕನ್ನಡದಲ್ಲಿ ಅಂತಸ್ತು, ಮಹಡಿ, ಉಪ್ಪರಿಗೆ, ಮಾಳಿಗೆ, ನೆಲೆ ಎಂಬ ಪದಗಳು ಬಳಕೆಯಲ್ಲಿವೆ. ದೇವಾಲಯಗಳ ಗೋಪುರವನ್ನು ವರ್ಣಿಸುವಾಗ ‘ಏಳು ನೆಲೆ’ ಎಂದೂ ‘ಏಳು ಅಂತಸ್ತು’ ಎಂದೂ ಹೇಳುವುದುಂಟು. ಮಹಡಿ ಮತ್ತು ಉಪ್ಪರಿಗೆ ಎಂಬ ಪದಗಳಿಗೆ ಮೂಲತಃ ನೆಲದಿಂದ ಮೇಲಿನ ಭಾಗ ಎಂಬ ಅರ್ಥವಿದೆ. ಆದ್ದರಿಂದಲೇ ‘ಮಹಡಿ ಮನೆ’ ಎಂದಾಗ ಮೇಲೊಂದು ಅಂತಸ್ತು ಇರುವ ಮನೆ ಎಂದು ಕೇಳುಗರು ಗ್ರಹಿಸುತ್ತಾರೆ. ಅಂತಸ್ತು ಎಂಬ ಪದ ಹಾಗಲ್ಲ, ಅದು ನೆಲದ ಹಂತವನ್ನೂ ಒಳಗೊಳ್ಳುತ್ತದೆ. ಹೀಗಾಗಿ ‘ಮೂರು ಅಂತಸ್ತಿನ ಕಟ್ಟಡ’ಕ್ಕೆ ನೆಲ ಅಂತಸ್ತು ಮತ್ತು ಎರಡು ಮಹಡಿಗಳಿರುತ್ತವೆ. ‘ಮೂರು ಮಹಡಿ ಕಟ್ಟಡ’ ಎಂದರೆ ಕೆಲವರಿಗೆ ಅದೇ, ಇನ್ನು ಕೆಲವರಿಗೆ ನೆಲದ ಮೇಲೆ ಮೂರು. ಪತ್ರಿಕಾ ವರದಿಗಳಲ್ಲಿ ಒಂದೇ ಕಟ್ಟಡದ ಅಂತಸ್ತುಗಳ ಸಂಖ್ಯೆ ಒಂದರಷ್ಟು ಹೆಚ್ಚುಕಡಿಮೆಯಾಗಲು ಇದೂ ಒಂದು ಕಾರಣ.

ಈ ಗೊಂದಲವನ್ನು ತಪ್ಪಿಸಲು ಎಂಜಿನಿಯರುಗಳು, ಮೇಸ್ತ್ರಿಗಳು ಮತ್ತು ನಕ್ಷೆ ಮಂಜೂರು ಮಾಡುವ ಕಚೇರಿಗಳು ಕೂಡಿಕೆಯ ಚಿಹ್ನೆಯಿರುವ ಸೂತ್ರವನ್ನು ಬಳಸುತ್ತವೆ. ‘ಜಿ+2’ ಎಂದರೆ ನೆಲ ಅಂತಸ್ತು ಮತ್ತು ಅದರ ಮೇಲೆ ಎರಡು. ‘ಸ್ಟಿಲ್ಟ್+3’ ಎಂದರೆ ಕಂಬಗಳ ಮೇಲಿನ ತೆರೆದ ನಿಲುಗಡೆ ಜಾಗ ಮತ್ತು ಅದರ ಮೇಲೆ ಮೂರು. ‘2ಬಿ+ಜಿ+10’ ಎಂದರೆ ಎರಡು ಹಂತದ ನೆಲಮಾಳಿಗೆ, ನೆಲ ಅಂತಸ್ತು ಮತ್ತು ಹತ್ತು ಮೇಲಂತಸ್ತುಗಳು.

ಎಣಿಕೆಯ ಕ್ರಮದಲ್ಲಿ ಭಾರತವು ಬ್ರಿಟಿಷ್ ಪದ್ಧತಿಯನ್ನು ಅನುಸರಿಸುತ್ತದೆ. ನೆಲದ ಹಂತ ‘ಗ್ರೌಂಡ್ ಫ್ಲೋರ್’, ಅದರ ಮೇಲಿನದು ಒಂದನೆಯದು. ಅಮೆರಿಕದಲ್ಲಿ ನೆಲದ ಹಂತವೇ ಒಂದನೆಯದು. ಅಮೆರಿಕದ ಸಂಸ್ಥೆಗಳೊಂದಿಗೆ ಕೆಲಸ ಮಾಡುವ ಕಚೇರಿಗಳಲ್ಲಿ ‘ಮೂರನೇ ಫ್ಲೋರ್’ ಎಂಬ ಮಾತು ಎರಡು ಅರ್ಥ ಕೊಡಲು ಇದೇ ಕಾರಣ. ಮಾಲ್‌ಗಳಲ್ಲಿ ‘ಲೋಯರ್ ಗ್ರೌಂಡ್’ ಮತ್ತು ‘ಅಪ್ಪರ್ ಗ್ರೌಂಡ್’ ಎಂಬ ಹೆಸರುಗಳೂ ಇವೆ. ಲಿಫ್ಟಿನ ಗುಂಡಿಯ ಮೇಲಿನ ಇಂತಹ ಹೆಸರುಗಳು ಮಾಲೀಕರು ಇಟ್ಟುಕೊಂಡವು, ಅವುಗಳಿಗೂ ನಿಯಮಾವಳಿಯ ವ್ಯಾಖ್ಯಾನಕ್ಕೂ ಸಂಬಂಧವಿರಬೇಕೆಂದಿಲ್ಲ. ಹದಿಮೂರನೆಯ ಸಂಖ್ಯೆಯನ್ನು ಬಿಟ್ಟು ಹನ್ನೆರಡರಿಂದ ಹದಿನಾಲ್ಕಕ್ಕೆ ಹಾರುವ ಕಟ್ಟಡಗಳಲ್ಲೂ ನಿಯಮದ ಎಣಿಕೆ ಬದಲಾಗುವುದಿಲ್ಲ.

ನಿಯಮಗಳ ಮೂಲ ಮತ್ತು ವ್ಯಾಪ್ತಿ

ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು 1970ರಲ್ಲಿ ಪ್ರಕಟವಾಯಿತು. ಅನಂತರ 1983, 2005 ಮತ್ತು 2016ರಲ್ಲಿ ಪರಿಷ್ಕರಣೆಗೊಂಡಿತು. ಭಾರತೀಯ ಮಾನಕ ಬ್ಯೂರೋ ಇದನ್ನು ಪ್ರಕಟಿಸುತ್ತದೆ. ಸಂಹಿತೆಯು ತಾನಾಗಿಯೇ ಕಾನೂನಲ್ಲ. ರಾಜ್ಯ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ತನ್ನ ಉಪವಿಧಿಗಳಲ್ಲಿ ಅಳವಡಿಸಿಕೊಂಡಾಗ ಮಾತ್ರ ಅದರ ಅಂಶಗಳು ಕಡ್ಡಾಯವಾಗುತ್ತವೆ.

ಬೆಂಗಳೂರಿನಲ್ಲಿ ಎರಡು ದಾಖಲೆಗಳು ದೀರ್ಘಕಾಲ ಆಧಾರವಾಗಿವೆ. ಒಂದು, ಬೆಂಗಳೂರು ಮಹಾನಗರ ಪಾಲಿಕೆಯ ಕಟ್ಟಡ ಉಪವಿಧಿಗಳು, 2003. ಇನ್ನೊಂದು, ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಅಡಿಯಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಸಿದ್ಧಪಡಿಸಿ 2007ರಲ್ಲಿ ಅನುಮೋದನೆ ಪಡೆದ ಪರಿಷ್ಕೃತ ಮಹಾ ಯೋಜನೆ–2015ರ ವಲಯ ನಿಯಮಾವಳಿ. ಹೊರವಲಯದಲ್ಲಿ ಇವುಗಳನ್ನು ಅನ್ವಯಿಸುವ ಸಂಸ್ಥೆಗಳು ಹಲವು. ವೈಟ್‌ಫೀಲ್ಡ್ ಇರುವ ಮಹದೇವಪುರವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಅದರಲ್ಲಿ ವಿಲೀನವಾದ ಏಳು ನಗರಸಭೆಗಳಲ್ಲಿ ಒಂದು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳಲ್ಲಿ 332 ಎಕರೆಯಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ಸ್ ಸಿಟಿಗೆ 2013ರಿಂದ ಪ್ರತ್ಯೇಕ ಕೈಗಾರಿಕಾ ಉಪನಗರ ಪ್ರಾಧಿಕಾರವಿದೆ. ಅದರಾಚೆಗಿನ ಹೆಬ್ಬಗೋಡಿ ಮತ್ತು ಬೊಮ್ಮಸಂದ್ರಗಳಿಗೆ ತಮ್ಮದೇ ಪೌರಾಡಳಿತ ಸಂಸ್ಥೆಗಳಿವೆ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ರೂಪಿಸಿದ ಬಡಾವಣೆಗಳಲ್ಲಿ ಮಂಡಳಿಯ ಪಾತ್ರವೂ ಇರುತ್ತದೆ. ಒಂದೇ ರಸ್ತೆಯ ಎರಡು ಬದಿಗಳ ಕಟ್ಟಡಗಳು ಎರಡು ಕಚೇರಿಗಳಿಂದ ಅನುಮತಿ ಪಡೆಯಬೇಕಾದ ಸ್ಥಿತಿ ಇಲ್ಲಿ ಅಪರೂಪವಲ್ಲ.

ನೆಲಮಟ್ಟದ ಲೆಕ್ಕ

ಅಂತಸ್ತುಗಳನ್ನು ಎಣಿಸಲು ಮೊದಲು ‘ನೆಲ’ ಎಲ್ಲಿದೆ ಎಂದು ನಿಶ್ಚಯವಾಗಬೇಕು. ಸಮತಟ್ಟಾದ ನಿವೇಶನದಲ್ಲಿ ಇದು ಸಮಸ್ಯೆಯಲ್ಲ. ಬೆಂಗಳೂರಿನ ಹೊರವಲಯವಾದರೋ ದಿಣ್ಣೆಗಳೂ ಕೆರೆಗಳ ಕಡೆಗೆ ಇಳಿಯುವ ತಗ್ಗುಗಳೂ ಇರುವ ಪ್ರದೇಶ. ರಸ್ತೆಯ ಕಡೆಯಿಂದ ನೋಡಿದರೆ ನಾಲ್ಕು ಅಂತಸ್ತು, ಹಿಂದಿನ ರಾಜಕಾಲುವೆಯ ಕಡೆಯಿಂದ ನೋಡಿದರೆ ಐದು ಅಂತಸ್ತು ಕಾಣುವ ಕಟ್ಟಡಗಳು ಸಾಕಷ್ಟಿವೆ.

ಇದಕ್ಕೆ ಪರಿಹಾರವಾಗಿ ನಿಯಮಗಳು ಸರಾಸರಿ ನೆಲಮಟ್ಟವನ್ನು ಆಧಾರವಾಗಿ ಇಟ್ಟುಕೊಳ್ಳುತ್ತವೆ. ಕಟ್ಟಡದ ಹೊರಗೋಡೆಗೆ ತಾಗಿದ ನೆಲದ ಎತ್ತರಗಳ ಸರಾಸರಿ ಇದು. ಮುಂದಿನ ಎರಡು ಮೂಲೆಗಳು ರಸ್ತೆಮಟ್ಟದಲ್ಲೂ ಹಿಂದಿನ ಎರಡು ಮೂಲೆಗಳು ಅದಕ್ಕಿಂತ 3 ಮೀ. ಕೆಳಗೂ ಇವೆ ಎಂದುಕೊಳ್ಳೋಣ. ಸರಾಸರಿ ನೆಲಮಟ್ಟ ರಸ್ತೆಗಿಂತ 1.5 ಮೀ. ಕೆಳಗಿರುತ್ತದೆ. ಕೆಳಗಿನ ಹಂತದ ಚಾವಣಿ ರಸ್ತೆಮಟ್ಟಕ್ಕೆ ಸಮನಾಗಿದ್ದರೆ ಅದು ಸರಾಸರಿ ನೆಲಮಟ್ಟಕ್ಕಿಂತ 1.5 ಮೀ. ಮೇಲಿದೆ ಎಂದಾಯಿತು. ಬೆಂಗಳೂರಿನ ವಲಯ ನಿಯಮಾವಳಿಯ ಪ್ರಕಾರ ನೆಲಮಾಳಿಗೆ ಸರಾಸರಿ ನೆಲಮಟ್ಟದಿಂದ 1.2 ಮೀ.ಗಿಂತ ಹೆಚ್ಚು ಮೇಲೇಳುವಂತಿಲ್ಲ. ಆದ್ದರಿಂದ ರಸ್ತೆಯಿಂದ ನೋಡುವವರಿಗೆ ಪೂರ್ತಿ ಭೂಮಿಯೊಳಗೆ ಇರುವಂತೆ ಕಾಣುವ ಆ ಹಂತವು ನಿಯಮದ ಕಣ್ಣಿಗೆ ನೆಲಮಾಳಿಗೆಯಲ್ಲ, ಪೂರ್ಣ ಅಂತಸ್ತು. ಇಳಿಜಾರು 2 ಮೀ. ಮಾತ್ರ ಇದ್ದಿದ್ದರೆ ಅಂತರ 1 ಮೀ. ಆಗಿ ಅದೇ ಹಂತ ನೆಲಮಾಳಿಗೆಯೆಂದು ಎಣಿಕೆಯಾಗುತ್ತಿತ್ತು. ಮಣ್ಣು ತುಂಬಿಸಿ ನೆಲವನ್ನು ಎತ್ತರಿಸಿದ ನಂತರ ಅಳೆಯುವುದೋ, ಅದಕ್ಕೂ ಮೊದಲೋ ಎಂಬ ಪ್ರಶ್ನೆ ವಿವಾದಗಳಲ್ಲಿ ಮುಖ್ಯವಾಗುವುದು ಈ ಕಾರಣಕ್ಕಾಗಿ.

ಸಂಹಿತೆಯ ಪ್ರಕಾರ ಕಟ್ಟಡದ ಪ್ಲಿಂತ್, ಅಂದರೆ ನೆಲ ಅಂತಸ್ತಿನ ನೆಲಹಾಸು, ಸುತ್ತಲಿನ ನೆಲಕ್ಕಿಂತ ಕನಿಷ್ಠ 450 ಮಿ.ಮೀ. ಎತ್ತರದಲ್ಲಿರಬೇಕು. ಮಳೆನೀರು ಒಳನುಗ್ಗದಿರಲಿ ಎಂಬುದು ಇದರ ಉದ್ದೇಶ. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕಿ ಎತ್ತರಿಸಿದ ಬಡಾವಣೆಗಳಲ್ಲಿ ಈ ಅಂತರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಹಳೆಯ ಮನೆಗಳ ನೆಲ ಅಂತಸ್ತು ಅಕ್ಷರಶಃ ಅರೆ ನೆಲಮಾಳಿಗೆಯಾಗಿ ಬಿಡುವುದೂ ಉಂಟು.

ನೆಲಮಾಳಿಗೆ

ಕಟ್ಟಡದಲ್ಲಿ ಪೂರ್ತಿಯಾಗಿ ಅಥವಾ ಭಾಗಶಃ ನೆಲಮಟ್ಟದಿಂದ ಕೆಳಗಿರುವ ಅಂತಸ್ತು ನೆಲಮಾಳಿಗೆ ಅಥವಾ ಬೇಸ್‌ಮೆಂಟ್. ಅದು ಒಂದಕ್ಕಿಂತ ಹೆಚ್ಚು ಹಂತಗಳಲ್ಲಿರಬಹುದು. ವಾಹನ ನಿಲುಗಡೆ, ಪಂಪು, ಜನರೇಟರ್ ಮುಂತಾದ ಸೇವಾ ಸೌಲಭ್ಯಗಳಿಗಾಗಿ ಬಳಸಿದಾಗ ನೆಲಮಾಳಿಗೆಯ ವಿಸ್ತೀರ್ಣವನ್ನು ಸಾಮಾನ್ಯವಾಗಿ ನೆಲ ವಿಸ್ತೀರ್ಣ ಅನುಪಾತದ ಲೆಕ್ಕದಿಂದ ಬಿಡಲಾಗುತ್ತದೆ. ಮಲಗುವ ಕೋಣೆಯಂತಹ ವಾಸದ ಬಳಕೆಗೆ ಅವಕಾಶವಿರುವುದಿಲ್ಲ. ಗಾಳಿ ಬೆಳಕಿನ ಕೊರತೆ ಮತ್ತು ಬೆಂಕಿ ಬಿದ್ದಾಗ ಹೊಗೆ ಹೊರಹೋಗದಿರುವುದು ಇದಕ್ಕೆ ಕಾರಣಗಳು. ಐ.ಟಿ. ಪಾರ್ಕ್‌ಗಳ ಎರಡು ಮೂರು ಹಂತದ ನೆಲಮಾಳಿಗೆಗಳಲ್ಲಿ ದೊಡ್ಡ ಗಾಳಿಕೊಳವೆಗಳೂ ಸ್ಪ್ರಿಂಕ್ಲರ್‌ಗಳೂ ಕಾಣುವುದು ಇದೇ ಕಾರಣದಿಂದ.

ನೀರು ಇನ್ನೊಂದು ಸಮಸ್ಯೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ ಮತ್ತು ಮಹದೇವಪುರ ಭಾಗದ ಅನೇಕ ಕಟ್ಟಡಗಳ ನೆಲಮಾಳಿಗೆಗಳು ಮುಳುಗಿದವು. ವಿದ್ಯುತ್ ಫಲಕ ಮತ್ತು ಪಂಪುಗಳನ್ನು ನೆಲಮಾಳಿಗೆಯಲ್ಲಿಯೇ ಇರಿಸಿದ್ದ ಕಟ್ಟಡಗಳಲ್ಲಿ ಮೇಲಿನ ಎಲ್ಲ ಅಂತಸ್ತುಗಳೂ ವಿದ್ಯುತ್ತು, ನೀರು ಮತ್ತು ಲಿಫ್ಟ್ ಇಲ್ಲದೆ ಉಳಿದವು. ಅನುಪಾತದ ಲೆಕ್ಕಕ್ಕೆ ಬಾರದ ಒಂದು ಹಂತ ಇಡೀ ಕಟ್ಟಡದ ಬಳಕೆಯನ್ನು ನಿಲ್ಲಿಸಬಲ್ಲದು ಎಂಬುದು ಆಗ ಸ್ಪಷ್ಟವಾಯಿತು.

ಸ್ಟಿಲ್ಟ್ ಅಂತಸ್ತು

ನೆಲಮಟ್ಟದ ಮೇಲೆ ಕೇವಲ ಕಂಬಗಳಿದ್ದು, ಕನಿಷ್ಠ ಎರಡು ಬದಿ ತೆರೆದಿದ್ದು, ಗೋಡೆಗಳಿಂದ ಮುಚ್ಚದೆ ವಾಹನ ನಿಲುಗಡೆಗಾಗಿ ಬಳಸುವ ಹಂತವನ್ನು ಸ್ಟಿಲ್ಟ್ ಎನ್ನಲಾಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಅತಿ ಸಾಮಾನ್ಯವಾಗಿ ಕಾಣುವ ಕೆಳ ಹಂತ ಇದು. ಇದರ ಕಾನೂನು ಸ್ಥಾನ ವಿಶಿಷ್ಟವಾದದ್ದು. ಭೌತಿಕವಾಗಿ ಅದು ಒಂದು ಅಂತಸ್ತೇ. ಆದರೆ ನಿಲುಗಡೆಗೆ ಮಾತ್ರ ಬಳಸುವವರೆಗೆ ಅದರ ವಿಸ್ತೀರ್ಣ ನೆಲ ವಿಸ್ತೀರ್ಣ ಅನುಪಾತಕ್ಕೆ ಸೇರುವುದಿಲ್ಲ. ನಿವೇಶನದ ಮಾಲೀಕರಿಗೆ ಇದರಿಂದ ಮೇಲೆ ಒಂದು ಹೆಚ್ಚಿನ ವಾಸದ ಅಂತಸ್ತು ಸಿಕ್ಕಂತಾಗುತ್ತದೆ, ನಗರಕ್ಕೆ ರಸ್ತೆಯ ಮೇಲೆ ನಿಲ್ಲುವ ವಾಹನ ಕಡಿಮೆಯಾಗುತ್ತದೆ ಎಂಬುದು ಈ ವಿನಾಯಿತಿಯ ಹಿಂದಿನ ತರ್ಕ.

ಅನುಮತಿ ದೊರೆತ ಮೇಲೆ ಸ್ಟಿಲ್ಟ್‌ನ ಬದಿಗಳಿಗೆ ಗೋಡೆ ಎಬ್ಬಿಸಿ, ಶಟರ್ ಹಾಕಿ, ಅಂಗಡಿ ಅಥವಾ ಕಾವಲುಗಾರರ ಮನೆ ಮಾಡಿದರೆ ವ್ಯಾಖ್ಯಾನ ಮುರಿಯುತ್ತದೆ. ತೆರೆದ ಹಂತವು ಮುಚ್ಚಿದ ಹಂತವಾಗುತ್ತದೆ, ಸ್ಟಿಲ್ಟ್ ನೆಲ ಅಂತಸ್ತಾಗುತ್ತದೆ. ‘ಸ್ಟಿಲ್ಟ್+3’ ಎಂದು ಮಂಜೂರಾದ ಕಟ್ಟಡ ಒಂದು ಇಟ್ಟಿಗೆಯನ್ನೂ ಮೇಲೆ ಸೇರಿಸದೆ ‘ಜಿ+3’ ಆಗಿಬಿಡುತ್ತದೆ. ಅನುಪಾತ ಮಿತಿ ಮೀರುತ್ತದೆ, ನಿಲುಗಡೆಯ ಅಗತ್ಯ ಈಡೇರದೆ ಉಳಿಯುತ್ತದೆ.

ಸ್ಟಿಲ್ಟ್‌ನ ನಿಲುಗಡೆ ಜಾಗ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಯೂ ನ್ಯಾಯಾಲಯದ ಮೆಟ್ಟಿಲೇರಿತ್ತು. ಮಹಾರಾಷ್ಟ್ರದ ಕಾನೂನಿಗೆ ಸಂಬಂಧಿಸಿದ ನಹಲ್‌ಚಂದ್ ಲಲೂಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಸ್ಟಿಲ್ಟ್‌ನ ನಿಲುಗಡೆ ಜಾಗ ಗ್ಯಾರೇಜ್ ಅಲ್ಲ, ಅದನ್ನು ಫ್ಲ್ಯಾಟಿನಿಂದ ಬೇರೆಯಾಗಿ ಮಾರುವಂತಿಲ್ಲ, ಅದು ಸಾಮಾನ್ಯ ಬಳಕೆಯ ಪ್ರದೇಶ ಎಂದು ತೀರ್ಪು ನೀಡಿತು.

ರಚನಾ ಎಂಜಿನಿಯರಿಂಗ್ ದೃಷ್ಟಿಯಿಂದ ಸ್ಟಿಲ್ಟ್ ಎಂದೂ ಲೆಕ್ಕದಿಂದ ಹೊರಗಿರುವುದಿಲ್ಲ. ಮೇಲಿನ ಅಂತಸ್ತುಗಳಲ್ಲಿ ಇಟ್ಟಿಗೆ ಗೋಡೆಗಳಿದ್ದು ಕೆಳಗೆ ಬರಿಯ ಕಂಬಗಳಿದ್ದರೆ ಕೆಳಹಂತದ ಅಡ್ಡಬಲ ನಿರೋಧ ಕಡಿಮೆಯಾಗುತ್ತದೆ. ಇಂತಹುದನ್ನು ಭೂಕಂಪ ನಿರೋಧಕ ವಿನ್ಯಾಸದ ಮಾನಕ ಐ.ಎಸ್. 1893 ‘ಮೃದು ಅಂತಸ್ತು’ ಎಂಬ ಅರ್ಥದ ಹೆಸರಿನಿಂದ ಗುರುತಿಸುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಅಹಮದಾಬಾದ್‌ನ ಇಂತಹ ಹಲವು ಕಟ್ಟಡಗಳು ಕುಸಿದವು. ಆ ಮಾನಕದ 2016ರ ಆವೃತ್ತಿಯಲ್ಲಿ ಬೆಂಗಳೂರು ಕಡಿಮೆ ಅಪಾಯದ ಎರಡನೇ ವಲಯದಲ್ಲಿದೆ.

ನಡು ಅಂತಸ್ತು, ಅಟ್ಟ ಮತ್ತು ಕಾರ್ಖಾನೆಯ ಶೆಡ್ಡು

ಒಂದೇ ಅಂತಸ್ತಿನ ನೆಲ ಮತ್ತು ಚಾವಣಿಯ ನಡುವೆ, ಕೆಳಗಿನ ನೆಲದತ್ತ ಚಾಚಿಕೊಂಡಿರುವ ಅಥವಾ ಅದನ್ನು ನೋಡುವಂತಿರುವ ಭಾಗಶಃ ನೆಲವನ್ನು ಮೆಜನೈನ್ ಅಥವಾ ನಡು ಅಂತಸ್ತು ಎನ್ನುತ್ತಾರೆ. ಸಂಹಿತೆಯ ಪ್ರಕಾರ ಅದರ ಎತ್ತರ ಕನಿಷ್ಠ 2.2 ಮೀ. ಇರಬೇಕು. ಒಟ್ಟು ವಿಸ್ತೀರ್ಣ ಕಟ್ಟಡದ ಪ್ಲಿಂತ್ ವಿಸ್ತೀರ್ಣದ ಮೂರನೇ ಒಂದು ಭಾಗವನ್ನು ಮೀರಬಾರದು. ಮೀರಿದರೆ ಅದು ನಡು ಅಂತಸ್ತಾಗಿ ಉಳಿಯದೆ ಮತ್ತೊಂದು ಅಂತಸ್ತೇ ಆಗುತ್ತದೆ. ಸಾಮಾನು ಇಡಲು ಮಾತ್ರ ಬಳಸುವ, ವಸತಿ ಕಟ್ಟಡಗಳಲ್ಲಿ 1.5 ಮೀ. ಮೀರದ ಎತ್ತರದ ಜಾಗ ‘ಲಾಫ್ಟ್’. ಮಲೆನಾಡಿನ ಮನೆಗಳ ಅಟ್ಟವು ಬಳಕೆಯಲ್ಲಿ ಇದಕ್ಕೆ ಹತ್ತಿರವಾದದ್ದು. ಆದರೆ ನೇರವಾಗಿ ನಿಂತು ಓಡಾಡಬಹುದಾದ ಎತ್ತರದ ಅಟ್ಟಗಳು ಈ ವ್ಯಾಖ್ಯಾನದೊಳಗೆ ಸೇರುವುದಿಲ್ಲ.

ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ನಡು ಅಂತಸ್ತಿನ ಪ್ರಶ್ನೆ ದಿನನಿತ್ಯದ್ದು. ಕ್ರೇನ್ ಓಡಾಡಲು ಬೇಕಾದ ಎತ್ತರದಿಂದಾಗಿ ಯಂತ್ರಾಗಾರದ ಶೆಡ್ಡು ಮೂರು ಅಂತಸ್ತಿನ ಮನೆಯಷ್ಟು ಎತ್ತರವಿರಬಹುದು. ನೆಲ ಮತ್ತು ಚಾವಣಿಯ ನಡುವೆ ಬೇರೆ ನೆಲವಿಲ್ಲದ ಕಾರಣ ಅದು ಒಂದೇ ಅಂತಸ್ತು. ಅದೇ ಶೆಡ್ಡಿನ ಒಂದು ಮೂಲೆಯಲ್ಲಿ ಉಕ್ಕಿನ ಕಂಬಗಳ ಮೇಲೆ ಹಲಗೆ ಹಾಸಿ ಕಚೇರಿ ಕೋಣೆ, ಬಿಡಿಭಾಗಗಳ ಸ್ಟೋರ್, ಕಾರ್ಮಿಕರ ಊಟದ ಜಾಗ ಮಾಡುವುದು ರೂಢಿ. ಮೂರನೇ ಒಂದು ಭಾಗದ ಮಿತಿಯೊಳಗಿದ್ದರೆ ಅದು ನಡು ಅಂತಸ್ತು. ಆರ್ಡರ್ ಹೆಚ್ಚಿದಂತೆ ಹಲಗೆಯೂ ಹರಡಿ ಶೆಡ್ಡಿನ ಅರ್ಧವನ್ನು ಮುಚ್ಚಿದರೆ, ಒಂದು ಅಂತಸ್ತಿಗೆ ಎಂದು ಲೆಕ್ಕ ಹಾಕಿದ್ದ ಬಾಗಿಲು, ಮೆಟ್ಟಿಲು ಮತ್ತು ನಿರ್ಗಮನ ದಾರಿಗಳು ಎರಡು ಅಂತಸ್ತಿನ ಜನರಿಗೆ ಸಾಲುವುದಿಲ್ಲ.

ತಾರಸಿಯ ಮೇಲೆ

ಕೊನೆಯ ಅಂತಸ್ತಿನ ಮೇಲಿನ ತೆರೆದ ತಾರಸಿ ಅಂತಸ್ತಲ್ಲ. ಮೆಟ್ಟಿಲಿನ ತಲೆಗೋಣೆ, ಲಿಫ್ಟ್ ಯಂತ್ರದ ಕೋಣೆ, ನೀರಿನ ಟ್ಯಾಂಕ್, ಕೈಪಿಡಿ ಗೋಡೆ ಇವುಗಳನ್ನು ನಿಗದಿತ ಅಳತೆಯೊಳಗಿದ್ದರೆ ಎತ್ತರಕ್ಕೆ ಸೇರಿಸುವುದಿಲ್ಲ. ಸಂಹಿತೆಯ ಪ್ರಕಾರ ಇಂತಹ ರಚನೆಗಳ ಒಟ್ಟು ವಿಸ್ತೀರ್ಣ ತಾರಸಿಯ ಮೂರನೇ ಒಂದು ಭಾಗವನ್ನು ದಾಟಿದರೆ ವಿನಾಯಿತಿ ಇಲ್ಲ. ಬಾಡಿಗೆಗೆಂದು ಶೀಟು ಹಾಕಿ ಕಟ್ಟಿದ ಕೋಣೆಗೆ ವಿನಾಯಿತಿಯ ಪ್ರಶ್ನೆಯೇ ಬರುವುದಿಲ್ಲ.

ಮೀಟರ್ ಮತ್ತು ಅಂತಸ್ತು: ಬೆಂಕಿಯ ಸುರಕ್ಷತೆ

ನಿಯಮಗಳು ಎತ್ತರವನ್ನು ಎರಡು ಬಗೆಯಲ್ಲಿ ಅಳೆಯುತ್ತವೆ. ಬೆಂಗಳೂರಿನ 2003ರ ಉಪವಿಧಿಗಳು ನೆಲ ಅಂತಸ್ತಿನ ಮೇಲೆ ನಾಲ್ಕು ಅಥವಾ ಹೆಚ್ಚು ಅಂತಸ್ತುಗಳಿರುವುದನ್ನು ಬಹುಮಹಡಿ ಕಟ್ಟಡವೆಂದು ಕರೆದವು. ರಾಷ್ಟ್ರೀಯ ಸಂಹಿತೆ ಅಂತಸ್ತುಗಳನ್ನು ಎಣಿಸದೆ, ಬಳಕೆ ಏನೇ ಇರಲಿ, 15 ಮೀ. ಅಥವಾ ಹೆಚ್ಚು ಎತ್ತರವಿರುವುದೆಲ್ಲ ಬಹುಮಹಡಿ ಕಟ್ಟಡ ಎನ್ನುತ್ತದೆ. ಇವೆರಡೂ ಯಾವಾಗಲೂ ಹೊಂದುವುದಿಲ್ಲ. ಮನೆಗಳಲ್ಲಿ ಒಂದು ಅಂತಸ್ತಿಗೆ ಸುಮಾರು 3 ಮೀ. ಹಿಡಿದರೆ 15 ಮೀ.ನಲ್ಲಿ ಐದು ಅಂತಸ್ತು ಬರುತ್ತವೆ. ಹುಸಿ ಚಾವಣಿ, ಹವಾನಿಯಂತ್ರಣದ ಕೊಳವೆ, ಕೇಬಲ್ಲುಗಳಿಗೆ ಜಾಗ ಬೇಕಾದ ಕಚೇರಿ ಕಟ್ಟಡದಲ್ಲಿ ಅಂತಸ್ತಿಗೆ 4 ಮೀ. ಬೇಕಾಗುವುದರಿಂದ ನಾಲ್ಕನೆಯ ಅಂತಸ್ತಿಗೇ 16 ಮೀ. ಆಗುತ್ತದೆ. ಎಣಿಕೆಯಲ್ಲಿ ಜಿ+3 ಆಗಿ ಬಹುಮಹಡಿ ವರ್ಗದಿಂದ ಹೊರಗುಳಿಯುವ ಕಚೇರಿ ಅಳತೆಯಲ್ಲಿ ಒಳಗೆ ಬರುತ್ತದೆ.

ಬೆಂಕಿಯ ಸಂದರ್ಭದಲ್ಲಿ ಮೀಟರ್ ಅಳತೆಯೇ ಹೆಚ್ಚು ಅರ್ಥಪೂರ್ಣ, ಏಕೆಂದರೆ ಅಗ್ನಿಶಾಮಕ ಏಣಿ ತಲುಪುವುದು ಇಂತಿಷ್ಟು ಮೀಟರಿಗೆ, ಇಂತಿಷ್ಟನೆಯ ಅಂತಸ್ತಿಗಲ್ಲ. 24 ಮೀ.ಗಿಂತ ಎತ್ತರದ ಕಟ್ಟಡಗಳಲ್ಲಿ ಸಂಹಿತೆಯು ಆಶ್ರಯ ಪ್ರದೇಶವನ್ನು ಬಯಸುತ್ತದೆ. 24 ಮೀ. ದಾಟಿದ ಕೂಡಲೇ ಬರುವ ಅಂತಸ್ತಿನಲ್ಲಿ ಒಂದು, ಅನಂತರ ಪ್ರತಿ 15 ಮೀ.ಗೆ ಒಂದರಂತೆ ಹೊರಗೋಡೆಗೆ ತೆರೆದ ಜಾಗವನ್ನು ಕಾಯ್ದಿರಿಸಬೇಕು. ಮೆಟ್ಟಿಲಿನಲ್ಲಿ ಇಳಿಯಲಾಗದವರು ರಕ್ಷಣಾ ಸಿಬ್ಬಂದಿಗಾಗಿ ಅಲ್ಲಿ ಕಾಯಬಹುದು. ಕರ್ನಾಟಕ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗೆ 2023ರ ಆರಂಭದಲ್ಲಿ 90 ಮೀ. ಎತ್ತರ ತಲುಪುವ ಏಣಿ ವಾಹನ ಸೇರ್ಪಡೆಯಾಯಿತು. ಅಂತಹ ವಾಹನ ಕಟ್ಟಡದ ಬುಡಕ್ಕೆ ಬರಬೇಕಾದರೆ ಸುತ್ತಲೂ ಜಾಗವಿರಬೇಕು, ನೆಲಮಾಳಿಗೆಯ ಚಾವಣಿಯ ಮೇಲೆ ದಾರಿಯಿದ್ದರೆ ಅದು ವಾಹನದ ಭಾರ ತಡೆಯಬೇಕು.

2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಸಂಭವಿಸಿದ ಬೆಂಕಿ ಅವಘಡದಲ್ಲಿ ಒಂಬತ್ತು ಮಂದಿ ಮೃತಪಟ್ಟರು. ಹೊಗೆ ತುಂಬಿದ ಮೇಲಂತಸ್ತುಗಳಿಂದ ಪಾರಾಗಲು ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು. ಕಟ್ಟಡಗಳ ಎತ್ತರ ಮತ್ತು ನಿರ್ಗಮನ ದಾರಿಗಳ ಕುರಿತು ನಗರದಲ್ಲಿ ಸಾರ್ವಜನಿಕ ಚರ್ಚೆ ಗಟ್ಟಿಯಾಗಿ ನಡೆದದ್ದು ಈ ಘಟನೆಯ ನಂತರ.

ಪರಿಷ್ಕೃತ ಮಹಾ ಯೋಜನೆ–2015 ಸುತ್ತಲಿನ ತೆರೆದ ಜಾಗವನ್ನೂ ಎತ್ತರಕ್ಕೆ ಜೋಡಿಸಿತು. 11.5 ಮೀ.ವರೆಗಿನ ಕಟ್ಟಡಗಳಿಗೆ ಒಂದು ಪಟ್ಟಿ, ಅದಕ್ಕಿಂತ ಎತ್ತರದವುಗಳಿಗೆ ಇನ್ನೊಂದು. ಎರಡನೆಯ ಪಟ್ಟಿಯಲ್ಲಿ 15 ಮೀ.ವರೆಗೆ ಸುತ್ತಲೂ 5 ಮೀ. ಬಿಡಬೇಕು, ಎತ್ತರ ಹೆಚ್ಚಿದಂತೆ ಈ ಅಂತರವೂ ಹೆಚ್ಚುತ್ತ ಹೋಗುತ್ತದೆ. 30 ಅಡಿ ಅಗಲದ, ಅಂದರೆ ಸುಮಾರು 9 ಮೀ.ನ ನಿವೇಶನದಲ್ಲಿ ಎರಡೂ ಬದಿಗೆ 5 ಮೀ. ಬಿಟ್ಟರೆ ಕಟ್ಟಲು ಏನೂ ಉಳಿಯುವುದಿಲ್ಲ. ಚಿಕ್ಕ ನಿವೇಶನಗಳಲ್ಲಿ 11.5 ಮೀ. ಎಂಬುದು ಪ್ರಾಯೋಗಿಕವಾಗಿ ಗಡಿರೇಖೆಯಾದದ್ದು ಹೀಗೆ.

ಸಮುದ್ರಮಟ್ಟದಿಂದ ಎಣಿಕೆ

ವೈಟ್‌ಫೀಲ್ಡ್ ಮತ್ತು ಮಾರತಹಳ್ಳಿ ಭಾಗದಲ್ಲಿ ಮೂರನೆಯ ಅಳತೆಯೊಂದು ಜಾರಿಯಲ್ಲಿದೆ. ಪ್ರಯಾಣಿಕರ ವಾಣಿಜ್ಯ ವಿಮಾನಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಸ್ಥಳಾಂತರಗೊಂಡರೂ ಎಚ್.ಎ.ಎಲ್. ವಿಮಾನ ನಿಲ್ದಾಣದ ರನ್‌ವೇ ಬಳಕೆಯಲ್ಲಿದೆ. ವಿಮಾನ ಕಾರ್ಯಾಚರಣೆಯ ಸುರಕ್ಷತೆಗಾಗಿ ಕಟ್ಟಡಗಳ ಎತ್ತರವನ್ನು ನಿರ್ಬಂಧಿಸುವ 2015ರ ಕೇಂದ್ರ ನಿಯಮಗಳ ಪ್ರಕಾರ, ನಿಲ್ದಾಣದ ಸುತ್ತಲಿನ ಪ್ರದೇಶವನ್ನು ಬಣ್ಣದ ವಲಯಗಳಾಗಿ ವಿಂಗಡಿಸಿ ಪ್ರತಿ ವಲಯಕ್ಕೆ ಗರಿಷ್ಠ ಎತ್ತರವನ್ನು ಸಮುದ್ರಮಟ್ಟದಿಂದ ನಿಗದಿಪಡಿಸಲಾಗುತ್ತದೆ. ಇಲ್ಲಿ ಅಂತಸ್ತುಗಳ ಎಣಿಕೆಗೆ ಬೆಲೆಯಿಲ್ಲ, ಲಿಫ್ಟ್ ಕೋಣೆ, ನೀರಿನ ಟ್ಯಾಂಕ್, ಆಂಟೆನಾ ಕಂಬ ಯಾವುದಕ್ಕೂ ವಿನಾಯಿತಿಯಿಲ್ಲ.

ಉದಾಹರಣೆಗೆ ಒಂದು ವಲಯದ ಮಿತಿ ಸಮುದ್ರಮಟ್ಟದಿಂದ 950 ಮೀ. ಎಂದು ಭಾವಿಸಿದರೆ, 890 ಮೀ. ಮಟ್ಟದಲ್ಲಿರುವ ತಗ್ಗಿನ ನಿವೇಶನದಲ್ಲಿ 60 ಮೀ. ಎತ್ತರ ಕಟ್ಟಬಹುದು. ಅದೇ ವಲಯದಲ್ಲಿ 905 ಮೀ. ಮಟ್ಟದ ದಿಣ್ಣೆಯ ಮೇಲಿನ ನಿವೇಶನದಲ್ಲಿ ಸಿಗುವುದು 45 ಮೀ. ಮಾತ್ರ. ಅಂತಸ್ತಿಗೆ 3 ಮೀ.ನಂತೆ ಐದು ಅಂತಸ್ತುಗಳ ವ್ಯತ್ಯಾಸ.

ನೆಲ ವಿಸ್ತೀರ್ಣ ಅನುಪಾತ

ಎಫ್.ಎ.ಆರ್. ಎಂದು ಪರಿಚಿತವಾದ ಈ ಅನುಪಾತವು ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣವನ್ನು ನಿವೇಶನದ ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಸಂಖ್ಯೆ. 30×40 ಅಡಿಯ ನಿವೇಶನದ ವಿಸ್ತೀರ್ಣ 1,200 ಚ.ಅಡಿ. ಅನುಪಾತ 1.75 ಇದ್ದರೆ ಒಟ್ಟು 2,100 ಚ.ಅಡಿ ಕಟ್ಟಬಹುದು. ಸುತ್ತ ಜಾಗ ಬಿಟ್ಟು ಪ್ರತಿ ಅಂತಸ್ತಿಗೆ 720 ಚ.ಅಡಿ ಬಳಸಿದರೆ ಮೂರು ಅಂತಸ್ತಿಗೆ ತುಸು ಕಡಿಮೆ ಬೀಳುತ್ತದೆ. ಜಿ+2 ಆಗಲಿ, ಸ್ಟಿಲ್ಟ್+3 ಆಗಲಿ, ಲೆಕ್ಕಕ್ಕೆ ಬರುವ ಅಂತಸ್ತುಗಳು ಮೂರೇ. ಇದೇ ಅಳತೆಯ ನಿವೇಶನದಲ್ಲಿ ಐದು ವಾಸದ ಅಂತಸ್ತುಗಳಿದ್ದರೆ ವಿಸ್ತೀರ್ಣ 3,600 ಚ.ಅಡಿ, ಅನುಪಾತ 3. ಸುತ್ತಲಿನ ಜಾಗವನ್ನೂ ಬಿಡದೆ ಕಟ್ಟಿದ್ದರೆ ಅನುಪಾತ ಇನ್ನೂ ಹೆಚ್ಚು.

ಇತರ ದೇಶಗಳಲ್ಲಿ

ಅಮೆರಿಕದ ಬಹುಪಾಲು ರಾಜ್ಯಗಳು ಅನುಸರಿಸುವ ಅಂತಾರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸರಾಸರಿ ನೆಲಮಟ್ಟದ ಕಲ್ಪನೆ ಇನ್ನಷ್ಟು ನಿಖರವಾಗಿದೆ. ಒಂದು ಹಂತದ ಮೇಲಿನ ನೆಲವು ಸರಾಸರಿ ಮಟ್ಟಕ್ಕಿಂತ 6 ಅಡಿಗಿಂತ ಹೆಚ್ಚು ಎತ್ತರದಲ್ಲಿದ್ದರೆ, ಅಥವಾ ಯಾವುದೇ ಒಂದು ಬಿಂದುವಿನಲ್ಲಿ ಹೊರಗಿನ ನೆಲಕ್ಕಿಂತ 12 ಅಡಿಗಿಂತ ಹೆಚ್ಚು ಎತ್ತರದಲ್ಲಿದ್ದರೆ ಆ ಹಂತ ನೆಲದ ಮೇಲಿನ ಅಂತಸ್ತು, ಇಲ್ಲವಾದರೆ ನೆಲಮಾಳಿಗೆ. ನಡು ಅಂತಸ್ತಿಗೆ ಅಲ್ಲಿಯೂ ಮೂಲಮಿತಿ ಮೂರನೇ ಒಂದು ಭಾಗ. ಇಂಗ್ಲೆಂಡಿನಲ್ಲಿ ಬೆಂಕಿಯ ನಿಯಮಗಳಿಗಾಗಿ ತಾರಸಿಯವರೆಗೆ ಅಳೆಯದೆ ಕೊನೆಯ ಅಂತಸ್ತಿನ ನೆಲದವರೆಗೆ ಅಳೆಯುತ್ತಾರೆ, ಜನರು ನಿಂತಿರುವ ಎತ್ತರವೇ ಮುಖ್ಯ ಎಂಬ ಕಾರಣಕ್ಕೆ. 2017ರ ಗ್ರೆನ್‌ಫೆಲ್ ಟವರ್ ದುರಂತದ ನಂತರ ಬಂದ 2022ರ ಕಟ್ಟಡ ಸುರಕ್ಷತಾ ಕಾಯ್ದೆ 18 ಮೀ. ಅಥವಾ ಏಳು ಅಂತಸ್ತು, ಇವೆರಡರಲ್ಲಿ ಯಾವುದು ಅನ್ವಯಿಸಿದರೂ ವಸತಿ ಕಟ್ಟಡವನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿತು. ಮೀಟರ್ ಮತ್ತು ಎಣಿಕೆ ಎರಡನ್ನೂ ಒಟ್ಟಿಗೆ ಬಳಸುವ ಈ ವಿಧಾನವು ಅಂತಸ್ತಿನ ಎತ್ತರವನ್ನು ತಗ್ಗಿಸಿ ಮಿತಿಯಿಂದ ತಪ್ಪಿಸಿಕೊಳ್ಳುವುದನ್ನು ತಡೆಯುತ್ತದೆ.

ಅನುಮತಿ ಮೀರಿದ ಅಂತಸ್ತುಗಳು

ಮಂಜೂರಾದ ನಕ್ಷೆಗಿಂತ ಹೆಚ್ಚು ಅಂತಸ್ತು ಕಟ್ಟುವುದು ಬೆಂಗಳೂರಿನ ಹೊರವಲಯದಲ್ಲಿ ವ್ಯಾಪಕವಾಗಿದೆ. ಕಂದಾಯ ನಿವೇಶನಗಳು, ಬಿ ಖಾತಾ ಸ್ವತ್ತುಗಳು ಮತ್ತು ಗ್ರಾಮಠಾಣಗಳಲ್ಲಿ ನಕ್ಷೆಯೇ ಇಲ್ಲದೆ ಕಟ್ಟಿದ ಉದಾಹರಣೆಗಳೂ ಹೇರಳ. ಐ.ಟಿ. ಮತ್ತು ಕೈಗಾರಿಕಾ ಉದ್ಯೋಗಿಗಳಿಂದ ಬಾಡಿಗೆ ಕೋಣೆಗಳಿಗೆ ಇರುವ ಬೇಡಿಕೆ ಇದಕ್ಕೆ ಮುಖ್ಯ ಕಾರಣ. ಒಂದು ಹೆಚ್ಚುವರಿ ಅಂತಸ್ತಿನ ಬಾಡಿಗೆ ಸಾಲದ ಕಂತನ್ನು ತೀರಿಸಬಲ್ಲದು. ಆದರೆ ಅಡಿಪಾಯ ಮತ್ತು ಕಂಬಗಳನ್ನು ವಿನ್ಯಾಸಗೊಳಿಸಿರುವುದು ನಕ್ಷೆಯಲ್ಲಿರುವ ಅಂತಸ್ತುಗಳ ಭಾರಕ್ಕೆ.

2024ರ ಅಕ್ಟೋಬರ್ 22ರಂದು ಮಳೆಯ ನಡುವೆ ಬೆಂಗಳೂರು ಪೂರ್ವದ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿಯಿತು. ಕನಿಷ್ಠ ಎಂಟು ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಹೊರರಾಜ್ಯಗಳಿಂದ ಬಂದ ಕಾರ್ಮಿಕರು. ಅನುಮತಿಗಿಂತ ಹೆಚ್ಚು ಅಂತಸ್ತುಗಳನ್ನು ಕಟ್ಟಲಾಗಿತ್ತು ಎಂದು ಅಧಿಕಾರಿಗಳು ತಿಳಿಸಿದರು. ಬೆಂಗಳೂರಿನ ಹೊರಗೆ, ಧಾರವಾಡದಲ್ಲಿ 2019ರ ಮಾರ್ಚ್ 19ರಂದು ನಿರ್ಮಾಣ ಹಂತದಲ್ಲಿದ್ದ ವಾಣಿಜ್ಯ ಕಟ್ಟಡ ಕುಸಿದು ಹತ್ತಕ್ಕೂ ಹೆಚ್ಚು ಜನರು ಮೃತಪಟ್ಟಿದ್ದರು.

ನಿಯಮೋಲ್ಲಂಘನೆಗಳನ್ನು ದಂಡ ವಿಧಿಸಿ ಸಕ್ರಮಗೊಳಿಸಲು ರಾಜ್ಯ ಸರ್ಕಾರ ರೂಪಿಸಿದ ‘ಅಕ್ರಮ-ಸಕ್ರಮ’ ಯೋಜನೆಯಲ್ಲಿ ವಸತಿ ಕಟ್ಟಡಗಳಿಗೆ ಶೇ. 50ರವರೆಗೆ, ಇತರ ಕಟ್ಟಡಗಳಿಗೆ ಶೇ. 25ರವರೆಗೆ ಉಲ್ಲಂಘನೆಯನ್ನು ಪರಿಗಣಿಸುವ ಅವಕಾಶವಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಯೋಜನೆಗೆ ತಡೆಯಾಜ್ಞೆ ನೀಡಿತು.

2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪ್ರಮಾಣಪತ್ರ ಹಾಜರುಪಡಿಸಿದ ನಂತರವೇ ಕಟ್ಟಡಗಳಿಗೆ ವಿದ್ಯುತ್, ನೀರು ಮತ್ತು ಒಳಚರಂಡಿ ಸಂಪರ್ಕ ನೀಡಬೇಕು ಎಂದು ದೇಶದಾದ್ಯಂತ ಅನ್ವಯಿಸುವ ನಿರ್ದೇಶನಗಳನ್ನು ನೀಡಿತು. ಓ.ಸಿ. ಎಂದೇ ಕರೆಯಲಾಗುವ ಈ ಪತ್ರ ದೊರೆಯುವುದು ಕಟ್ಟಡವು ಮಂಜೂರಾದ ನಕ್ಷೆಯಂತಿದ್ದರೆ ಮಾತ್ರ. ಇದರಿಂದ ಕರ್ನಾಟಕದಲ್ಲಿ ಮನೆ ಕಟ್ಟಿ ಮುಗಿಸಿದ ಅಪಾರ ಸಂಖ್ಯೆಯ ಜನರಿಗೆ ಶಾಶ್ವತ ವಿದ್ಯುತ್ ಸಂಪರ್ಕ ಸಿಗದೆ, ತಾತ್ಕಾಲಿಕ ಸಂಪರ್ಕದ ದುಬಾರಿ ದರದಲ್ಲಿಯೇ ಉಳಿಯಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 1,200 ಚ.ಅಡಿವರೆಗಿನ ನಿವೇಶನಗಳಲ್ಲಿ ಕಟ್ಟಿದ ವಸತಿ ಕಟ್ಟಡಗಳಿಗೆ ಓ.ಸಿ.ಯಿಂದ ವಿನಾಯಿತಿ ನೀಡಲು ನಿರ್ಧರಿಸಿತು. ವಿನಾಯಿತಿಯ ಮಿತಿಯನ್ನು ಅಂತಸ್ತುಗಳಲ್ಲಿಯೇ ಹೇಳಲಾಯಿತು: ನೆಲ ಅಂತಸ್ತು ಮತ್ತು ಎರಡು, ಅಥವಾ ಸ್ಟಿಲ್ಟ್ ಮತ್ತು ಮೂರು. ಮಿತಿಯ ಈ ಮಾತುಗಳಂತೆ, ನಾಲ್ಕು ಹಂತಗಳಿರುವ ಒಂದೇ ಆಕಾರದ ಎರಡು ಮನೆಗಳಲ್ಲಿ ಕೆಳಹಂತವನ್ನು ವಾಹನಗಳಿಗೆ ತೆರೆದಿಟ್ಟ ಮನೆ ಒಳಗೆ ಬರುತ್ತದೆ, ಅಲ್ಲಿ ಗೋಡೆ ಕಟ್ಟಿ ಅಂಗಡಿಗೆ ಬಾಡಿಗೆ ಕೊಟ್ಟ ಮನೆ ಹೊರಗುಳಿಯುತ್ತದೆ.